ಕೆಂಪೆಣ್ಣೆಯ ಕಡ್ಡಿ

ಅಮೆರಿಕದ ಹಳೆಯ ಇನ್‌ಬೋರ್ಡ್ ಮೋಟರ್‌ಬೋಟುಗಳಲ್ಲಿ ಎಂಜಿನ್ನಿನ ಬೆನ್ನಿಗಂಟಿ ಕೂತ ಗೇರ್‌ಬಾಕ್ಸ್ ಅನೇಕ ಸಲ ವೆಲ್ವೆಟ್ ಡ್ರೈವ್ ಆಗಿರುತ್ತದೆ. ಅದರಲ್ಲಿ ನನಗೆ ಅಚ್ಚುಮೆಚ್ಚಿನದು ಎಣ್ಣೆಯ ಮಟ್ಟ ನೋಡುವ ಪುಟ್ಟ ಕಡ್ಡಿ, ಡಿಪ್‌ಸ್ಟಿಕ್. ಗೇಜು, ಮೀಟರು ಹೇಳದ್ದನ್ನು ಅದು ಹೇಳುತ್ತದೆ.

ಕಾರಿನ ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆಯೇ ಈ ಗೇರ್‌ಬಾಕ್ಸಿಗೂ ನಡೆಯುತ್ತದೆ. ಎಂಜಿನ್ ಆಯಿಲ್ ಜೊತೆ ಗೊಂದಲವಾಗದಿರಲೆಂದು ಬೆರೆಸಿದ ಬಣ್ಣ ಅದು. ರೋಗ ಪತ್ತೆಹಚ್ಚಲೂ ಒದಗುತ್ತದೆ. ಕಡ್ಡಿಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿ: ಕಂದಾಗಿ ಸೀದ ವಾಸನೆ ಬಂದರೆ ಕ್ಲಚ್ ಪ್ಲೇಟು ಜಾರಿ ಕಾದಿದೆ. ಸ್ಟ್ರಾಬೆರಿ ಮಿಲ್ಕ್‌ಶೇಕಿನಂತಿದ್ದರೆ ನೀರು ಸೇರಿದೆ. ಕಳ್ಳ ಬಹುಪಾಲು ಆಯಿಲ್ ಕೂಲರ್.

ಈ ಕೂಲರಿನ ಕಳ್ಳತನ ಸ್ವಾರಸ್ಯದ್ದು. ಸಣ್ಣ ಕೊಳವೆಗಳೊಳಗೆ ಹೊರಗಿನ ನೀರು, ಸುತ್ತ ಎಣ್ಣೆ. ತೂತು ಬಿದ್ದರೆ, ಎಂಜಿನ್ ಓಡುವಾಗ ಒತ್ತಡ ಹೆಚ್ಚಿರುವ ಎಣ್ಣೆಯೇ ನೀರಿಗೆ ನುಗ್ಗಿ, ಎಕ್ಸಾಸ್ಟಿನ ಹಿಂದೆ ಬಣ್ಣಬಣ್ಣದ ಪೊರೆ ಹರಡುತ್ತದೆ. ನಿಲ್ಲಿಸಿದ ಮೇಲೆ ನೀರು ಮೆಲ್ಲಗೆ ಒಳಗೆ ಜಿನುಗುತ್ತದೆ. ಎಣ್ಣೆ ಇಳಿಯುತ್ತಿದ್ದೂ ದೋಣಿಯ ತಳ ಒಣಗಿಯೇ ಇದ್ದರೆ, ಸೀಲ್ ಬಿಚ್ಚುವ ಮುನ್ನ ಕೂಲರನ್ನೇ ಅನುಮಾನಿಸಬೇಕು. (ಸೀಲ್ ಬಿಚ್ಚುವ ಚಪಲ ಮೆಕ್ಯಾನಿಕ್‌ಗಳಿಗೆ ಬಲು ಜಾಸ್ತಿ.)

ಮಟ್ಟ ನೋಡುವುದಕ್ಕೂ ಹೊತ್ತುಗೊತ್ತಿದೆ: ಬಿಸಿಯಿರುವಾಗಲೇ, ಎಂಜಿನ್ ಆರಿಸಿದ ತಕ್ಷಣ. ತಡವಾದರೆ ಕೂಲರು, ಪೈಪುಗಳ ಎಣ್ಣೆ ಕೆಳಗಿಳಿದು ಬಂದು ಕಡ್ಡಿ ಮಟ್ಟ ಹೆಚ್ಚಿದೆಯೆಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿದವರ ಪಂಪು ಗಾಳಿ ಎಳೆದು, ಲಿವರ್ ತಳ್ಳಿದರೂ ಗೇರ್ ತಡವಾಗಿ ಹಿಡಿಯುತ್ತದೆ. ಹಾಗೆಂದು ಅತಿಯಾಗಿ ಸುರಿದರೆ ನೊರೆ ಏಳುತ್ತದೆ.