ವೂಫರ್‌ಗಿಂತ ಮೊದಲು ವೈರು

ಹೊಸೂರಿನಿಂದ ಕೃಷ್ಣಗಿರಿಗೆ ಸುಮಾರು ಐವತ್ತು ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಕಾರು ಎಂಬತ್ತರ ವೇಗ ದಾಟಿದ ಕೂಡಲೇ ಹಾಡಿನಿಂದ ಮೊದಲು ಮಾಯವಾಗುವುದು ಬೇಸ್. ಟೈರಿನ ಮೊರೆತ, ಪಕ್ಕದ ಲಾರಿಯ ಗುಡುಗು, ಎರಡರ ಬಲವೂ ಇರುವುದು ತಗ್ಗು ಸದ್ದಿನಲ್ಲೇ. ‘ಪಲ್ಲವಿ ಅನುಪಲ್ಲವಿ’ (1983) ಚಿತ್ರದ ಹಾಡುಗಳಲ್ಲಿ ಇಳಯರಾಜಾ ಬೇಸ್ ಗಿಟಾರಿಗೆ ಎಷ್ಟೆಲ್ಲ ಕೆಲಸ ಕೊಟ್ಟಿದ್ದಾರೆಂಬುದು ಹೊಸೂರಿನ ಟ್ರಾಫಿಕ್ಕಿನಲ್ಲಿ ನಿಂತಾಗ ಕೇಳಿಸುತ್ತದೆ. ಶೂಲಗಿರಿ ಬರುವಷ್ಟರಲ್ಲಿ ಹಾಡುವ ದನಿಯೊಂದೇ ಉಳಿದಿರುತ್ತದೆ.

ಬೇಸ್ ಗಿಟಾರಿನ ದಪ್ಪ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಬಾಗಿಲಲ್ಲಿರುವ ಆರೂವರೆ ಇಂಚಿನ ಸ್ಪೀಕರು 80ರ ಕೆಳಗಿಳಿದರೆ ಏದುಸಿರು ಬಿಡುತ್ತದೆ. ಆದ್ದರಿಂದ ಸಬ್‌ವೂಫರ್ ಬರೀ ಹುಡುಗರ ಶೋಕಿಯಲ್ಲ, ಹೆದ್ದಾರಿ ಕಸಿದುಕೊಂಡದ್ದನ್ನು ವಾಪಸು ಪಡೆಯುವ ದಾರಿ. ತೊಂದರೆ ಶುರುವಾಗುವುದು ಅಂಗಡಿಯಲ್ಲಿ. “ಅಣ್ಣಾ, ಸಾವಿರ ವಾಟ್ಸ್ ಹಾಕ್ಬಿಡೋಣ, ಗಾಜೆಲ್ಲ ಅದುರುತ್ತೆ” ಎನ್ನುತ್ತಾನೆ ಹುಡುಗ. ಆಂಪ್ಲಿಫೈಯರ್ ಡಬ್ಬದ ಮೇಲೂ 1000 ಎಂದು ದೊಡ್ಡದಾಗಿಯೇ ಅಚ್ಚಾಗಿರುತ್ತದೆ.

ಆ ಅಂಕಿ ಬಿಟ್ಟು ಆಂಪಿನ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸು ನೋಡಿ. 30 ಆಂಪಿಯರ್ ಎಂದಿದ್ದರೆ ಲೆಕ್ಕ ಸುಲಭ. ಎಂಜಿನ್ ಓಡುವಾಗ ಸಿಗುವ 13.8 ವೋಲ್ಟ್‌ನಿಂದ ಗುಣಿಸಿದರೆ 414 ವಾಟ್. ಅದು ಒಳಗೆ ಹೋಗುವ ವಿದ್ಯುತ್ತು. ಹಳೆಯ ಎಬಿ ಕ್ಲಾಸಿನ ಆಂಪಾದರೆ ಅದರಲ್ಲಿ ಅರ್ಧಕ್ಕೆ ಹತ್ತಿರ ಬಿಸಿಯಾಗಿಯೇ ಹೋಗುತ್ತದೆ, ಡಿ ಕ್ಲಾಸಾದರೆ ಐದರಲ್ಲಿ ನಾಲ್ಕು ಪಾಲು ವೂಫರ್ ತಲುಪುತ್ತದೆ. ಸಾವಿರವಂತೂ ಹುಟ್ಟುವುದಿಲ್ಲ. ಕೊಳ್ಳುವಾಗ ಕೇಳಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ಆಂಪ್ ಎಡೆಬಿಡದೆ ಕೊಡಬಲ್ಲ ಶಕ್ತಿ ಮಾತ್ರ.

ಈಗ ವೈರಿಗೆ ಬರೋಣ. 500 ವಾಟ್ ಆರ್‌ಎಂಎಸ್‌ನ ಡಿ ಕ್ಲಾಸ್ ಆಂಪ್ ಪೂರ್ತಿ ದುಡಿಯುವಾಗ ಸುಮಾರು 45 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ ಐದು ಮೀಟರ್ ಎಂದುಕೊಳ್ಳಿ. 8 ಗೇಜಿನ ತಾಮ್ರದ ವೈರಿನಲ್ಲಿ ಅರ್ಧ ವೋಲ್ಟ್‌ನಷ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಅದಕ್ಕಿಂತ ದಪ್ಪದ 4 ಗೇಜಾದರೆ 0.2 ವೋಲ್ಟ್ ಕೂಡ ಹೋಗುವುದಿಲ್ಲ. ಹೊಸೂರಿನ ಗುಲಾಬಿ ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಮೇನ್ ಪೈಪು ಸಣ್ಣದಾದರೆ ಕೊನೆಯ ಸಾಲಿನ ಡ್ರಿಪ್ಪಿಗೆ ಒತ್ತಡವೇ ಇರುವುದಿಲ್ಲ.

ಅಗ್ಗದ ವೈರಿಂಗ್ ಕಿಟ್ಟುಗಳಲ್ಲಿ ಇನ್ನೊಂದು ಕಳ್ಳಾಟವಿದೆ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ತಾಮ್ರ ಬಳಿದ ಅಲ್ಯೂಮಿನಿಯಮ್. ಎರಡನೆಯದನ್ನು ಹಾಕಲೇಬಾರದೆಂದಲ್ಲ. ಹಾಕುವುದಾದರೆ ಒಂದೆರಡು ಗೇಜು ದಪ್ಪದ್ದೇ ಬೇಕು. ಇನ್ನು ಮೇನ್ ಫ್ಯೂಸು. ಅದು ಬ್ಯಾಟರಿಯಿಂದ ಒಂದೂವರೆ ಅಡಿಯೊಳಗಿರಬೇಕು. ಅದಿರುವುದು ಆಂಪ್ ಉಳಿಸಲು ಅಲ್ಲ, ಕಾರು ಉಳಿಸಲು. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ದಿನದಿನವೂ ವೈರನ್ನು ಕೊಯ್ಯುತ್ತದೆ. ತಾಮ್ರ ಕಾರಿನ ತಗಡಿಗೆ ತಾಗಿದ ದಿನ ಫ್ಯೂಸು ಹತ್ತಿರದಲ್ಲಿಲ್ಲದಿದ್ದರೆ ಬೆಂಕಿಯೇ ಗತಿ.

ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಗುರಿಯಾದದ್ದು ಅರ್ತಿಂಗ್. ಪೇಂಟಿನ ಮೇಲೆಯೇ ಸ್ಕ್ರೂ ಬಿಗಿದು “ಆಯ್ತು ಸಾರ್” ಎಂದರೆ ಅಲ್ಲೇ ನಿಲ್ಲಿಸಿ. ಆಂಪಿನ ಹತ್ತಿರದ ಗಟ್ಟಿ ಲೋಹದ ಮೇಲೆ ಒಂದು ರೂಪಾಯಿಯಗಲ ಪೇಂಟನ್ನು ಎಮರಿ ಕಾಗದದಿಂದ ಉಜ್ಜಿ, ಉಕ್ಕು ಹೊಳೆಯುವಂತೆ ಮಾಡಿಸಿ. ಪವರ್ ವೈರಿನಷ್ಟೇ ದಪ್ಪದ ವೈರಿಗೆ ಲಗ್ ಒತ್ತಿಸಿ, ಬೋಲ್ಟು ನಟ್ಟಿನಿಂದ ಬಿಗಿಸಿ, ಸುತ್ತ ತುಕ್ಕು ಹಿಡಿಯದಂತೆ ಬಣ್ಣ ಹಚ್ಚಿಸಿ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಇದಕ್ಕೆ ಮುಟ್ಟಬಾರದು. ಆಮೇಲೆ ಪರೀಕ್ಷೆ: ಹಾಡು ಜೋರಾಗಿ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಆಂಪಿನ ಅರ್ತಿಗೆ. 0.1 ವೋಲ್ಟ್‌ಗಿಂತ ಕಡಿಮೆ ತೋರಿದರೆ ಭೇಷ್. ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಯ್ಯೆನ್ನುವ ಸದ್ದು ಏರಿದರೆ ಮೊದಲು ಈ ಬೋಲ್ಟನ್ನೇ ಅನುಮಾನಿಸಿ. ಸ್ಟೀರಿಯೋದಿಂದ ಆಂಪಿಗೆ ಹಾಡು ತರುವ ಆರ್‌ಸಿಎ ಕೇಬಲ್ಲನ್ನು ಪವರ್ ವೈರಿನ ಜೊತೆಗೆ ಎಳೆಯದೆ, ಕಾರಿನ ಇನ್ನೊಂದು ಪಕ್ಕದಲ್ಲಿ ತನ್ನಿ.

ಓಮ್ ಲೆಕ್ಕ ಚಿಕ್ಕದು. ನಾಲ್ಕು ಓಮ್‌ನ ಎರಡು ಕಾಯಿಲ್ ಇರುವ ವೂಫರನ್ನು ಪ್ಯಾರಲಲ್ ಆಗಿ ಜೋಡಿಸಿದರೆ ಎರಡು ಓಮ್, ಸೀರೀಸ್ ಆದರೆ ಎಂಟು. ಅಂಥ ಎರಡು ವೂಫರನ್ನು ಪೂರ್ತಿ ಪ್ಯಾರಲಲ್ ಮಾಡಿದರೆ ಒಂದೇ ಓಮ್. ಎರಡು ಓಮ್‌ಗೆ ಮಾಡಿದ ಆಂಪ್ ಅದನ್ನು ತಾಳದೆ ಬಿಸಿಯಾಗಿ, ಕೆಂಪು ದೀಪ ಹೊತ್ತಿಸಿ ಮಲಗುತ್ತದೆ.

ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೋಗೂ ಆಂಪಿಗೂ ಹೊಂದಾಣಿಕೆ ಮಾಡುವ ತಿರುಗಣೆ. ವೂಫರ್ ವೈರು ಬಿಚ್ಚಿ, ಸ್ಟೀರಿಯೋವನ್ನು ಮುಕ್ಕಾಲು ವಾಲ್ಯೂಮಿನಲ್ಲಿಟ್ಟು 50 ಹರ್ಟ್ಸ್ ಟೋನ್ ಹಾಕಿ. 500 ವಾಟ್, ಎರಡು ಓಮ್ ಎಂದರೆ ಗುಣಲಬ್ಧ 1000, ಅದರ ವರ್ಗಮೂಲ 31.6. ವೂಫರ್ ವೈರು ಬಿಚ್ಚಿದ ಜಾಗಕ್ಕೆ ಮಲ್ಟಿಮೀಟರ್ ಹಿಡಿದು ಗೇನ್ ಏರಿಸುತ್ತಾ ಹೋಗಿ, ಎಸಿ ವೋಲ್ಟ್ ಅಷ್ಟು ತೋರಿದಲ್ಲಿಗೆ ಕೈ ತೆಗೆಯಿರಿ. ವೂಫರ್ ಸುಡುವುದು ಹೆಚ್ಚಾಗಿ ಇದನ್ನು ಮೀರಿ ತಿರುಗಿಸಿ, ಒಡೆದ ಸದ್ದನ್ನೇ ತುಂಬಿಸುವುದರಿಂದ.

ವಾಟ್ ಇಮ್ಮಡಿಯಾದರೆ ಕಿವಿಗೆ ಸಿಗುವುದು 3 ಡೆಸಿಬೆಲ್ ಮಾತ್ರ, ವಾಲ್ಯೂಮಿನಲ್ಲಿ ಒಂದೆರಡು ಗೆರೆ ಏರಿಸಿದಷ್ಟು. ಅಷ್ಟಕ್ಕಾಗಿ ದೊಡ್ಡ ಆಂಪ್ ಕೊಂಡು ವೈರಿನಲ್ಲಿ ಜಿಪುಣತನ ಮಾಡುವುದಕ್ಕಿಂತ ಆಂಪಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ. ಉಳಿದ ದುಡ್ಡಿಗೆ ತಾಮ್ರ, ಲಗ್ಗು, ಫ್ಯೂಸು, ಜೊತೆಗೆ ಕೆಲಸ ಬಲ್ಲವನ ಅರ್ಧ ದಿನದ ಕೂಲಿ ಆರಾಮಾಗಿ ಬರುತ್ತದೆ.