ಮಂಗಳವಾರದ ಪಾಠ, ಬುಧವಾರದ ರೋಗಿ

ತಾಲ್ಲೂಕು ಆಸ್ಪತ್ರೆಯ ಓಪಿಗೆ ಬರುವ ಹೆಂಗಸರು ‘ನನಗೆ ಖಿನ್ನತೆ’ ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ ಅನ್ನುತ್ತಾರೆ, ಎದೆ ಡವಡವ ಅನ್ನುತ್ತೆ ಅನ್ನುತ್ತಾರೆ, ಕೈಕಾಲಲ್ಲಿ ಜೀವವೇ ಇಲ್ಲ, ಉಂಡದ್ದು ಮೈಗೆ ಹತ್ತುತ್ತಿಲ್ಲ ಅನ್ನುತ್ತಾರೆ. ಅಂಥ ಒಂದು ಓಪಿಯ ಮೂಲೆಯಲ್ಲಿ ಆಪ್ತಸಮಾಲೋಚಕಿಯಾಗಿ ಕೂತಿದ್ದ ವರ್ಷಗಳಲ್ಲೇ ನಾನು ದೂರಶಿಕ್ಷಣದಲ್ಲಿ ಎಂಎಸ್‌ಡಬ್ಲ್ಯು ಮಾಡಿದೆ. ಪುಸ್ತಕಗಳು ಪಿಡಿಎಫ್ ಆಗಿ ಬಂದವು, ಭಾನುವಾರದ ತರಗತಿಗಳು ಮೊಬೈಲಿನಲ್ಲಿ ನಡೆದವು. ಅಸೈನ್‌ಮೆಂಟುಗಳನ್ನು ಮನೆಗೆಲಸ ಮುಗಿದ ಮೇಲೆ ಬರೆದೆ. ಫೀಲ್ಡ್ ವರ್ಕ್ ಡೈರಿಯ ಕೊನೆಯ ಪುಟಕ್ಕೆ ಸಹಿ ಬಿತ್ತು. ಒಳಗಿನ ಪುಟಗಳನ್ನು ಯಾರೂ ತಿರುವಿ ಹಾಕಲಿಲ್ಲ. ದಿನವೂ ರೋಗಿಗಳ ನಡುವೆ ಕೂತಿದ್ದವಳನ್ನು, ‘ಈ ವಾರ ನೀನು ಕಂಡ ಒಬ್ಬರ ಬಗ್ಗೆ ಹೇಳು’ ಎಂದು ಆ ಎರಡು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಆರೋಗ್ಯ ಮತ್ತು ಸಮಾಜಸೇವೆಯ ಕೆಲಸದಲ್ಲಿರುವವರಿಗಾಗಿ ನಡೆಯುವ ಅರೆಕಾಲಿಕ ಆನ್‌ಲೈನ್ ಸ್ನಾತಕೋತ್ತರ ಓದನ್ನು ನಾನು ತೂಗುವುದು ಇದೊಂದೇ ತಕ್ಕಡಿಯಲ್ಲಿ: ಮಂಗಳವಾರ ಕಲಿತದ್ದು ಬುಧವಾರದ ರೋಗಿಗೆ ಮುಟ್ಟುತ್ತದೆಯೇ?

ಇಂಥ ಓದು ಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಚಿಕ್ಕ ಮಕ್ಕಳಿರುವ ನರ್ಸಿಂಗ್ ಆಫೀಸರ್ ಎರಡು ವರ್ಷ ಸಂಬಳ ಬಿಟ್ಟು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಹಾಸ್ಟೆಲ್ ಹಿಡಿಯುವುದು ಆಗದ ಮಾತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ತೆರೆದದ್ದು, 1985ರಲ್ಲಿ ಇಗ್ನೋ, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿದ್ದು ದುಡಿಯುತ್ತಲೇ ಓದಬೇಕಾದ ಜನರಿಗಾಗಿಯೇ. ಆದರೆ ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಓದುವವರಿಗೆ ಹೊಲಿದ ಅಂಗಿಯನ್ನೇ ರೋಗಿಯ ಪಕ್ಕದಲ್ಲಿ ನಿಲ್ಲುವವರಿಗೂ ತೊಡಿಸಿದ್ದೇವೆ. ಪಠ್ಯ ಕಳಿಸು, ಅಸೈನ್‌ಮೆಂಟ್ ತರಿಸು, ಪರೀಕ್ಷೆ ಬರೆಸು. ವಿದ್ಯಾರ್ಥಿಯ ಕೈಯಲ್ಲಿ ಆಗಲೇ ಇರುವ ದೊಡ್ಡ ಪಠ್ಯ, ಅಂದರೆ ಅವಳ ವಾರ್ಡು, ಅವಳ ಹಳ್ಳಿ, ಕೋರ್ಸಿನ ಹೊರಗೇ ಉಳಿಯುತ್ತದೆ.

ಹಾಗೆ ಉಳಿಯಲೇಬೇಕೆಂದೇನೂ ಇಲ್ಲ ಎಂದು ತೋರಿಸಿಕೊಟ್ಟದ್ದು ಅಮೆರಿಕದ ನ್ಯೂ ಮೆಕ್ಸಿಕೊ. ಅಲ್ಲಿನ ಆಲ್ಬುಕರ್ಕಿಯಲ್ಲಿ ಡಾ. ಸಂಜೀವ್ ಅರೋರಾ ಎಂಬ ಯಕೃತ್ ತಜ್ಞರ ಕ್ಲಿನಿಕ್ಕಿಗೆ ಹೆಪಟೈಟಿಸ್ ಸಿ ರೋಗಿಗಳು ತಿಂಗಳುಗಟ್ಟಲೆ ಕಾದು, ನೂರಾರು ಮೈಲಿ ದಾಟಿ ಬರಬೇಕಿತ್ತು. ಅರೋರಾ 2003ರಲ್ಲಿ ‘ಎಕೋ’ ಎಂಬ ಯೋಜನೆ ಶುರುಮಾಡಿದರು. ರೋಗಿಯನ್ನು ಊರಲ್ಲೇ ಬಿಟ್ಟು, ಊರಿನ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂರಿಸಿದರು. ಒಬ್ಬರು ತಮ್ಮ ರೋಗಿಯ ಕಥೆ ಮುಂದಿಡಬೇಕು, ತಜ್ಞರೂ ಉಳಿದ ಊರುಗಳ ವೈದ್ಯರೂ ಅದನ್ನು ಚರ್ಚಿಸಬೇಕು, ನಡುವೆ ಒಂದು ಚಿಕ್ಕ ಉಪನ್ಯಾಸ. ಫಲಿತಾಂಶ 2011ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. 407 ರೋಗಿಗಳ ಆ ಅಧ್ಯಯನದಲ್ಲಿ ಅರೋರಾ ಅವರ ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಗುಣ ಕಂಡವರು ಶೇ. 57.5, ಊರಿನ ವೈದ್ಯರು ಮತ್ತು ಜೈಲುಗಳ ವೈದ್ಯರು ನೋಡಿಕೊಂಡವರಲ್ಲಿ ಶೇ. 58.2. ವಿಡಿಯೊದಲ್ಲಿ ಕಲಿತವರ ಕೈಗುಣ ತಜ್ಞರದಕ್ಕಿಂತ ಕಡಿಮೆಯಾಗಲಿಲ್ಲ. ಆನ್‌ಲೈನ್ ಕಲಿಕೆ ಎಂದರೆ ಎರಡನೇ ದರ್ಜೆ ಎನ್ನುವವರು ಈ ಎರಡು ಅಂಕಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಈ ಮಾದರಿಯನ್ನು ನಮ್ಮಲ್ಲಿಗೆ ತಂದದ್ದರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಪಾಲು ದೊಡ್ಡದು. ವ್ಯಸನ ಚಿಕಿತ್ಸೆಯ ಪಾಠಗಳಿಂದ ಶುರುಮಾಡಿ, 2018ರಲ್ಲಿ ಡಿಜಿಟಲ್ ಅಕಾಡೆಮಿಯನ್ನೇ ತೆರೆಯಿತು. ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜಕಾರ್ಯಕರ್ತರು, ನರ್ಸುಗಳು ತಮ್ಮ ತಮ್ಮ ಊರಲ್ಲಿದ್ದುಕೊಂಡೇ ಸಮುದಾಯ ಮಾನಸಿಕ ಆರೋಗ್ಯದ ಡಿಪ್ಲೊಮಾ ಮಾಡಬಹುದು. ಛತ್ತೀಸಗಢ ಸರ್ಕಾರ ತನ್ನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನೇ ಇಂಥ ಕಲಿಕೆಗೆ ಕೂರಿಸಿತು. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಇಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ; ಕಾಯಿಲೆಯ ಬಗೆಯನ್ನು ಅನುಸರಿಸಿ ಅವರಲ್ಲಿ ಶೇ. 70ರಿಂದ 92 ಮಂದಿಗೆ ಚಿಕಿತ್ಸೆ ದಕ್ಕುತ್ತಿಲ್ಲ. ತಜ್ಞರು ಹುಟ್ಟಿಬರಲೆಂದು ಕಾಯುವುದಕ್ಕಿಂತ, ಈಗ ಇರುವ ವೈದ್ಯ, ನರ್ಸು, ಸಮಾಲೋಚಕಿಗೆ ಕಲಿಸುವುದೇ ದಾರಿ ಎಂದು ಯಾರಿಗಾದರೂ ಹೊಳೆಯುತ್ತದೆ.

ಹೊಳೆದದ್ದು ಈಗಲ್ಲ ಕೂಡ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ಮಾಡಿದರು. ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಅಚ್ಚು. ಆದರೆ ಅಂಥ ತರಬೇತಿಗಳ ಪಾಡು ನಮಗೆಲ್ಲ ಗೊತ್ತಿದೆ. ಕೆಲವು ದಿನ ಊಟ-ಚಹಾದ ಜೊತೆ ಪಾಠ, ಕೊನೆಯ ದಿನ ಗುಂಪು ಫೋಟೊ, ಆಮೇಲೆ ಊರಿಗೆ. ಆರು ತಿಂಗಳ ನಂತರ ಮಾತ್ರೆ ಬಿಟ್ಟ ರೋಗಿ ಬಾಗಿಲಲ್ಲಿ ನಿಂತಾಗ ಯಾರನ್ನು ಕೇಳುವುದು? ಆನ್‌ಲೈನ್ ಕಲಿಕೆಯ ನಿಜವಾದ ಲಾಭ ಈ ಆರು ತಿಂಗಳ ನಂತರದ ಪ್ರಶ್ನೆಯಲ್ಲಿದೆ. ಗುರು ಮುಂದಿನ ವಾರವೂ ಸಿಗುತ್ತಾರೆ.

ಈ ಮಾದರಿಯಲ್ಲೂ ಎರಡು ಊನಗಳಿವೆ. ಒಂದು, ಇಂಥ ಕೋರ್ಸುಗಳ ಬಹುಪಾಲು ಮೌಲ್ಯಮಾಪನ ಕಲಿತವರ ಆತ್ಮವಿಶ್ವಾಸ ಎಷ್ಟು ಹೆಚ್ಚಿತು ಎನ್ನುವಲ್ಲಿಗೆ ನಿಲ್ಲುತ್ತದೆ. ರೋಗಿ ಏನಾದಳು ಎನ್ನುವವರೆಗೆ ಹೋಗುವುದು ಅಪರೂಪ. ನ್ಯೂ ಮೆಕ್ಸಿಕೊ ಅಧ್ಯಯನದ ಬೆಲೆ ಇರುವುದೇ ಅದು ಅಷ್ಟು ದೂರ ಹೋದದ್ದರಲ್ಲಿ.

ಇನ್ನೊಂದು, ಭಾಷೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಇಗ್ನೋದ ಸಮಾಜಕಾರ್ಯ ಪಠ್ಯ ಇಂಗ್ಲಿಷ್, ಹಿಂದಿಯಲ್ಲಿದೆ. ದೇಶವಿಡೀ ಒಂದೇ ಪರದೆಗೆ ಬರುವ ತರಗತಿಯೂ ಆ ಎರಡು ಭಾಷೆಗಳಲ್ಲಿಯೇ ನಡೆಯುವುದು. ಪರಿಭಾಷೆ ಇಂಗ್ಲಿಷಿನಲ್ಲಿರಲಿ, ನನ್ನ ತಕರಾರು ಅದಲ್ಲ. ‘ಗಾಳಿ ಸೋಕೈತೆ’ ಎಂದವಳಲ್ಲಿ ಭಯದ ಕಾಯಿಲೆಯನ್ನು ಹೇಗೆ ಗುರುತಿಸಬೇಕು, ದೇವರಗುಡ್ಡಕ್ಕೆ ಹೋಗಿಬರುತ್ತೇವೆ ಎಂದ ಮನೆಯವರನ್ನು ನೋಯಿಸದೆ ಮಾತ್ರೆಯನ್ನೂ ಮುಂದುವರಿಸುವಂತೆ ಹೇಗೆ ಹೇಳಬೇಕು, ‘ಸಾಯಬೇಕು ಅನಿಸುತ್ತಾ?’ ಎಂಬ ಪ್ರಶ್ನೆಯನ್ನು ಅತ್ತೆ ಪಕ್ಕದಲ್ಲಿರುವಾಗ ಸೊಸೆಗೆ ಯಾವ ದನಿಯಲ್ಲಿ ಕೇಳಬೇಕು, ಇವು ಕೌಶಲಗಳು. ಇವನ್ನು ಕನ್ನಡದಲ್ಲೇ ಕಲಿಯಬೇಕು, ಕನ್ನಡದಲ್ಲೇ ತಪ್ಪು ಮಾಡಿ ತಿದ್ದಿಸಿಕೊಳ್ಳಬೇಕು. ಕಲಬುರಗಿಯ ನರ್ಸು, ಕೊಡಗಿನ ಸಮಾಲೋಚಕಿ, ಕಾರವಾರದ ವೈದ್ಯ ಒಂದೇ ಪರದೆಯಲ್ಲಿ ಕೂತು ತಮ್ಮ ತಮ್ಮ ಸೀಮೆಯ ಮಾತನ್ನು ಮುಂದಿಟ್ಟರೆ ಹುಟ್ಟುವ ತಿಳಿವಳಿಕೆ ಯಾವ ಪಿಡಿಎಫ್‌ನಲ್ಲೂ ಇಲ್ಲ. ತಂತ್ರಜ್ಞಾನ ಅದಕ್ಕೆ ಎಂದೋ ಸಿದ್ಧವಾಗಿದೆ.

ಇನ್ನು ನಿಯಮದ ವಿಷಯ. 2020ರ ಯುಜಿಸಿ ನಿಯಮಾವಳಿ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿಯಂಥ ಪದವಿಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನಿಂದ ಹೊರಗಿಟ್ಟಿತು. 2025ರಲ್ಲಿ ಯುಜಿಸಿ, 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯನ್ನು ಮುಂದಿಟ್ಟುಕೊಂಡು, ಮನಶ್ಶಾಸ್ತ್ರ, ಪೌಷ್ಟಿಕಾಂಶದಂಥ ವಿಷಯಗಳಿಗೂ ಆ ಬಾಗಿಲು ಮುಚ್ಚಿತು. ಅದರ ಭಯಕ್ಕೆ ಕಾರಣವಿದೆ. ನಮ್ಮದೇ ಮುಕ್ತ ವಿಶ್ವವಿದ್ಯಾಲಯ ವ್ಯಾಪ್ತಿ ಮೀರಿ ಅಧ್ಯಯನ ಕೇಂದ್ರಗಳನ್ನು ತೆರೆದದ್ದಕ್ಕೆ 2015ರಲ್ಲಿ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಪಡೆಯುವ ಹೊತ್ತಿಗೆ ಎಷ್ಟು ಮಂದಿಯ ಪದವಿ ತೂಗುಯ್ಯಾಲೆಯಲ್ಲಿತ್ತು ಎಂಬುದು ಕರ್ನಾಟಕಕ್ಕೆ ಚೆನ್ನಾಗಿ ನೆನಪಿದೆ. ರೋಗಿಯನ್ನು ಮುಟ್ಟದೆ ಯಾರೂ ಚಿಕಿತ್ಸಕರಾಗಬಾರದು ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಈ ನಿಯಮ ವಿಷಯದ ಹೆಸರು ನೋಡಿ ಬೇಲಿ ಹಾಕುತ್ತದೆ. ಮೇಲ್ವಿಚಾರಣೆ ಇದೆಯೇ, ವಿದ್ಯಾರ್ಥಿ ಈಗಾಗಲೇ ರೋಗಿಗಳ ನಡುವೆ ಕೆಲಸದಲ್ಲಿದ್ದಾಳೆಯೇ ಎಂದು ನೋಡುವುದಿಲ್ಲ. ನೇರ ಪಿಯುಸಿ, ಪದವಿ ಮುಗಿಸಿ ಬಂದ ಹುಡುಗನಿಗೂ ಹದಿನೈದು ವರ್ಷ ವಾರ್ಡಿನಲ್ಲಿ ದುಡಿದ ಸಿಸ್ಟರಿಗೂ ಒಂದೇ ಬೇಲಿ. ಇದು ತಪ್ಪು.

ಯುಜಿಸಿಗಿಂತ ಹತ್ತಿರದಲ್ಲಿ, ನಮ್ಮ ಕೈಯಳತೆಯಲ್ಲೇ ಇರುವ ತಪ್ಪೊಂದಿದೆ: ಸಮಯ. ಕೋರ್ಸಿಗೆ ಸೇರಿದವರ ಓದನ್ನು ಅವರ ಸ್ವಂತ ಹವ್ಯಾಸವೆಂಬಂತೆ ಕಾಣುತ್ತೇವೆ. ತರಗತಿ ಡ್ಯೂಟಿಯ ಹೊತ್ತಿಗೆ ಬಿದ್ದರೆ ರಜೆ ಹಾಕಬೇಕು; ಸಂಜೆಗೆ ಬಿದ್ದರೆ ಅಡುಗೆಮನೆಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಬೇಕು. ನಾನು ಹಾಗೆ ಕೇಳಿದ ಪಾಠಗಳಲ್ಲಿ ಅರ್ಧ ಕುಕ್ಕರಿನ ಕೂಗಿನಲ್ಲಿ ಹೋಯಿತು. ನಡುವೆ ಬಿಟ್ಟವರನ್ನು ‘ಆಸಕ್ತಿ ಇಲ್ಲ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆ ಓದಿನ ಫಲ ಸಿಗುವುದು ಆಸ್ಪತ್ರೆಗೆ, ಅದರ ಖರ್ಚೆಲ್ಲ ಅವಳ ನಿದ್ದೆಗೆ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಖಾಸಗಿ ಆಸ್ಪತ್ರೆಗಳ ಆಡಳಿತಕ್ಕೆ ನನ್ನ ವಿನಂತಿ ಇಷ್ಟೇ. ನಿಮ್ಮ ಸಿಬ್ಬಂದಿಯಲ್ಲಿ ಯಾರಾದರೂ ಮಾನ್ಯತೆಯಿರುವ ಕೋರ್ಸೊಂದಕ್ಕೆ ಸೇರಿದ್ದರೆ ವಾರಕ್ಕೆ ಎರಡು ಗಂಟೆಯನ್ನು ಓಓಡಿ (ಅನ್ಯಕಾರ್ಯ ನಿಮಿತ್ತ) ಎಂದು ಬರೆದುಕೊಡಿ, ಬಾಗಿಲಿರುವ ಒಂದು ಕೋಣೆ ಕೊಡಿ. ಮರುದಿನ ಅವಳನ್ನು ಕರೆದು, ನಿನ್ನೆ ಯಾವ ರೋಗಿಯ ಬಗ್ಗೆ ಮಾತಾಡಿದಿರಿ ಎಂದು ಕೇಳಿ.