ದತ್ತು ತಗೊಂಡ ಊರು

ಕಾಲೇಜಿನ ಎನ್‌ಎಸ್‌ಎಸ್ ಶಿಬಿರ ಅಂದ್ರೆ ಏಳು ದಿನ. ಊರಿನ ಸರ್ಕಾರಿ ಶಾಲೆಯಲ್ಲಿ ವಾಸ್ತವ್ಯ, ಬೆಳಗ್ಗೆ ಧ್ವಜಾರೋಹಣ, ಆಮೇಲೆ ಉಪ್ಪಿಟ್ಟು, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಡ್ಯಾನ್ಸು-ನಾಟಕ. ಇದರಲ್ಲಿ ತಪ್ಪು ಹುಡುಕೋದು ಸುಲಭ. ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಸರ್ಟಿಫಿಕೇಟಿಗೆ ಬರುತ್ತಾರೆ ಅಂತೆಲ್ಲ ಆಡಿಕೊಳ್ಳುವವರಿದ್ದಾರೆ. ನನಗೆ ಅದು ದೊಡ್ಡ ವಿಷಯ ಅನ್ನಿಸೋದಿಲ್ಲ. ಹತ್ತೊಂಬತ್ತರ ಹುಡುಗರು ಫೋಟೋ ತೆಗೆಸಿಕೊಳ್ಳದೆ ಇನ್ಯಾರು ತೆಗೆಸಿಕೊಳ್ಳಬೇಕು? ನನ್ನ ತಕರಾರು ಇರೋದು ಒಂದು ಪದದ ಮೇಲೆ. ದತ್ತು.

ಪ್ರತಿ ಘಟಕವೂ ಒಂದು ಊರನ್ನು ದತ್ತು ತಗೊಳ್ಳಬೇಕು ಅನ್ನೋದು ಈ ಯೋಜನೆಯ ರೂಢಿ. ಕಡತದಲ್ಲಿ 'ದತ್ತು ಗ್ರಾಮ' ಅಂತಲೇ ಬರೆದಿರುತ್ತೆ. ನಮ್ಮಲ್ಲಿ ದತ್ತು ಅಂದ್ರೆ ಮಗುವನ್ನು ತಂದು ಸಾಕೋದು, ಮನೆತನದ ಹೆಸರು ಕೊಡೋದು, ಆಸ್ತಿಯಲ್ಲಿ ಪಾಲು ಕೊಡೋದು. ಇಲ್ಲಿ ಅಪ್ಪ-ಅಮ್ಮನಿಗೆ ಹತ್ತೊಂಬತ್ತು ವರ್ಷ, ಮಗುವಿಗೆ ಇನ್ನೂರೋ ಮುನ್ನೂರೋ. ಏಳನೇ ದಿನ ಸಮಾರೋಪ ಮುಗಿಸಿ ಅಪ್ಪ-ಅಮ್ಮ ಬಸ್ಸು ಹತ್ತುತ್ತಾರೆ. ಮುಂದಿನ ವರ್ಷ ಎಷ್ಟೋ ಕಡೆ ಬೇರೆ ಊರು, ಬೇರೆ ಮಗು.

ಯೋಜನೆ ಹುಟ್ಟಿದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧಿ ಜನ್ಮಶತಮಾನೋತ್ಸವದ ವರ್ಷ. 37 ವಿಶ್ವವಿದ್ಯಾಲಯ, 40,000 ವಿದ್ಯಾರ್ಥಿಗಳು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. (ಬಳ್ಳಾರಿಯಿಂದ ಲೋಕಸಭೆಗೆ ಹೋದವರು, ಆಮೇಲೆ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದವರು. ನಮ್ಮ ಶಿಬಿರಗಳ ಭಾಷಣದಲ್ಲಿ ಇವರ ಹೆಸರು ನಾನಂತೂ ಕೇಳಿಲ್ಲ.) ಅದಕ್ಕೂ ಮುಂಚೆ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಸಿ.ಡಿ. ದೇಶಮುಖ್ ಸಮಿತಿ ಈ ಸೇವೆ ಕಡ್ಡಾಯ ಆಗಬೇಕು ಅಂದಿತ್ತು. ಬೇರೆ ದೇಶಗಳ ಪದ್ಧತಿ ನೋಡಿಬಂದ ಕೆ.ಜಿ. ಸೈಯಿದೈನ್ ಬೇಡ, ಸ್ವಂತ ಇಚ್ಛೆಯಿಂದ ಬರಲಿ ಅಂದ್ರು. ಗೆದ್ದದ್ದು ಸೈಯಿದೈನ್ ಮಾತು. ಹಾಗಾಗಿಯೇ ಅವರು 'ಸ್ವಯಂಸೇವಕರು'.

ಆ ಕಾಲದ ಲೆಕ್ಕಾಚಾರ ಸರಿಯೇ ಇತ್ತು. ಕಾಲೇಜು ಇದ್ದದ್ದು ಪೇಟೆಯಲ್ಲಿ, ಓದುತ್ತಿದ್ದವರು ಬಹುಪಾಲು ಉಳ್ಳವರ ಮನೆ ಮಕ್ಕಳು. ಅವರು ಹಳ್ಳಿಗೆ ಹೋಗಿ ಗುದ್ದಲಿ ಹಿಡಿದರೆ ಅವರಿಗೇ ಪಾಠ. ಆದರೆ ಈಗ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಶಿಬಿರಕ್ಕೆ ಒಮ್ಮೆ ಹೋಗಿ ನೋಡಿ. ಗುದ್ದಲಿ ಹಿಡಿದ ಹುಡುಗಿ ಪಕ್ಕದ ಹೋಬಳಿಯವಳು. ಅವಳ ಅಪ್ಪ ನರೇಗಾದಲ್ಲಿ ಇಂಥದೇ ಚರಂಡಿ ತೆಗೆದು ಕೂಲಿ ಪಡೆದವನು. ರಜೆಯಲ್ಲಿ ಅವಳೂ ಕಳೆ ಕೀಳೋಕೆ ಹೋಗ್ತಾಳೆ. ಅವಳನ್ನು ಕೂರಿಸಿಕೊಂಡು ನಾವು 'ಗ್ರಾಮೀಣ ಬದುಕಿನ ಪರಿಚಯ' ಅಂತ ಒಂದೂವರೆ ಗಂಟೆ ಉಪನ್ಯಾಸ ಕೊಡ್ತೀವಿ. ಅವಳು ಸುಮ್ಮನೆ ಬರ್ಕೊಳ್ತಾಳೆ.

ಯೋಜನೆಯ ಘೋಷವಾಕ್ಯ 'ನನಗಲ್ಲ, ನಿನಗೆ'. ಈ ಹುಡುಗಿ ಇದರಲ್ಲಿ ಯಾವ ಕಡೆ? ಅವಳು 'ನಾನು' ಅಂತ ನಿಂತುಕೊಂಡಿದ್ದಾಳೆ, ಆದರೆ ಯೋಜನೆ ಮನಸ್ಸಲ್ಲಿಟ್ಟುಕೊಂಡಿರೋ 'ನೀನು' ಅವಳೇ. ಇದನ್ನು ಯೋಚಿಸದೆ ಬರೆದ ವರದಿಗಳಲ್ಲಿ ಎಷ್ಟು ಮೀಟರ್ ಚರಂಡಿ, ಎಷ್ಟು ಸಸಿ, ಎಷ್ಟು ಗಂಟೆ ಅನ್ನೋದೇ ಇರುತ್ತೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಗಂಟೆ ತುಂಬಿದರೆ ಸೇವೆ ತುಂಬಿತು.

ಇನ್ನು ನಾಯಕತ್ವ. ಆಮಂತ್ರಣ ಪತ್ರಿಕೆ ತೆಗೆದು ನೋಡಿದರೆ ಗೊತ್ತಾಗುತ್ತೆ. ಉದ್ಘಾಟನೆ ಶಾಸಕರದ್ದು, ಅಧ್ಯಕ್ಷತೆ ಪ್ರಾಂಶುಪಾಲರದ್ದು, ಪ್ರಾಸ್ತಾವಿಕ ಕಾರ್ಯಕ್ರಮಾಧಿಕಾರಿಯದ್ದು. ವಿದ್ಯಾರ್ಥಿಗಳ ಹೆಸರು ಬರೋದು ಪ್ರಾರ್ಥನೆ, ನಿರೂಪಣೆ, ವಂದನಾರ್ಪಣೆಯಲ್ಲಿ. ಯಾವ ಊರು, ಯಾವ ಕೆಲಸ, ಯಾವ ದಿನ ಅನ್ನೋದೆಲ್ಲ ಅವರು ಬ್ಯಾಗು ತುಂಬಿಕೊಳ್ಳೋ ಮುಂಚೆಯೇ ತೀರ್ಮಾನ ಆಗಿರುತ್ತೆ.

ನಾಯಕತ್ವ ಇಲ್ಲವೇ ಇಲ್ಲ ಅಂತಲ್ಲ. ವೇದಿಕೆ ಹಿಂದೆ, ಒಲೆ ಹತ್ತಿರ ಇದೆ. ಉಪನ್ಯಾಸಕ್ಕೆಂದು ಹೋಗಿದ್ದ ಒಂದು ಶಿಬಿರದಲ್ಲಿ ನೋಡಿದ್ದು ಹೇಳ್ತೀನಿ. ಐವತ್ತು ಜನಕ್ಕೆ ಅಡುಗೆ ಆಗಿತ್ತು. ಊಟದ ಹೊತ್ತಿಗೆ ಊರಿನ ಮಕ್ಕಳು ಇಪ್ಪತ್ತೈದು ಜನ ಬಂದು ಜಗಲಿ ಮೇಲೆ ಕೂತರು. ಅಡುಗೆ ತಂಡದ ಹುಡುಗಿ ಯಾರನ್ನೂ ಕೇಳಲಿಲ್ಲ. ಸಾರಿಗೆ ಎರಡು ಚೊಂಬು ನೀರು ಹೊಯ್ದಳು, ಒಬ್ಬನನ್ನ ಅಂಗಡಿಗೆ ಓಡಿಸಿದಳು, ಮಕ್ಕಳಿಗೆ ಮೊದಲು ಬಡಿಸಿ ಅಂದಳು. "ನಮ್ಗೆ ಒಂದ್ ಹತ್ತು ನಿಮ್ಷ ಲೇಟಾದ್ರೆ ಏನಾಗಲ್ಲ, ಕೂತ್ಕೊಳ್ರೋ" ಅಂತ ಹುಡುಗರನ್ನ ಗದರಿದಳು. ಹುಡುಗರು ಕೂತರು. ಅದೇ ದಿನ ಮಧ್ಯಾಹ್ನ ನನ್ನ ಉಪನ್ಯಾಸದ ವಿಷಯ 'ಯುವಜನತೆ ಮತ್ತು ನಾಯಕತ್ವ'.

ಇಂಥವೇ ಶಿಬಿರದ ನಿಜವಾದ ಗಳಿಕೆ. ಎಷ್ಟೋ ಹೆಣ್ಣುಮಕ್ಕಳಿಗೆ ನೆಂಟರ ಮನೆ ಬಿಟ್ಟು ಹೊರಗೆ ಏಳು ರಾತ್ರಿ ಕಳೆಯೋದು ಇದೇ ಮೊದಲು. ಮನೆಯಲ್ಲಿ ಒಪ್ಪಿಸೋಕೆ ಅವರು ಪಡುವ ಪಾಡು ಯಾವ ಶ್ರಮದಾನಕ್ಕೂ ಕಮ್ಮಿ ಅಲ್ಲ. ಜಾತಿ ನೋಡದೆ ಒಂದೇ ಜಮಖಾನದ ಮೇಲೆ ಮಲಗ್ತಾರೆ, ಹುಡುಗರು ಪಾತ್ರೆ ತಿಕ್ತಾರೆ. ಆದ್ದರಿಂದಲೇ ಶಿಬಿರ ಮುಚ್ಚಿ ಅನ್ನೋರ ಜೊತೆ ನಾನಿಲ್ಲ. ಊರಿಗೆ ಏನು ಸಿಕ್ಕಿತು ಅನ್ನೋದಷ್ಟೇ ನನ್ನ ಪ್ರಶ್ನೆ.

ಮನೆಮನೆ ಸಮೀಕ್ಷೆಯನ್ನೇ ತಗೊಳ್ಳಿ. ಶಿಬಿರದಲ್ಲಿ ಅತಿ ಉಪಯುಕ್ತ ಆಗಬಹುದಾದ ಕೆಲಸ ಇದು. ಶೌಚಾಲಯ ಇದೆಯಾ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ, ಪಿಂಚಣಿ ಬರ್ತಿದೆಯಾ ಅಂತ ಕೇಳಿ ಬರ್ಕೊಳ್ತಾರೆ. ಅದೇ ಊರಲ್ಲಿ ಒಬ್ಬ ಅಜ್ಜಿ ಹುಡುಗರನ್ನ ನಿಲ್ಲಿಸಿ ಕೇಳಿದರು: "ಹೋದ್ವರ್ಷ ಬಂದೋರೂ ಇದ್ನೇ ಬರ್ಕೊಂಡ್ ಹೋದ್ರು ಕಣ್ ಮಗಾ. ಏನಾಯ್ತದು?" ಹೋದ ವರ್ಷ ಬಂದಿದ್ದು ಬೇರೆ ಕಾಲೇಜಿನವರಂತೆ. ಒಂದೇ ಊರಿಗೆ ಎರಡು ದತ್ತು! ಆ ಹಾಳೆಗಳು ಈಗ ಯಾವುದೋ ಬೀರುವಿನಲ್ಲಿ ವರದಿ, ಪತ್ರಿಕಾ ತುಣುಕುಗಳ ಜೊತೆ ಭದ್ರವಾಗಿರುತ್ತವೆ.

ಸಮಾರೋಪದ ದಿನ ಪಂಚಾಯತಿ ಅಧ್ಯಕ್ಷರೂ ಪಿಡಿಒ ಅವರೂ ಹೇಗೂ ವೇದಿಕೆ ಮೇಲೆ ಇರ್ತಾರೆ. ಎದುರಿಗೆ ಊರಿನವರು ಕೂತಿರ್ತಾರೆ. ನಿರೂಪಣೆ ಮಾಡೋ ಹುಡುಗನಿಗೆ ಹತ್ತು ನಿಮಿಷ ಬಿಟ್ಟುಕೊಟ್ಟು, ಇಷ್ಟು ಮನೆಗೆ ನೀರಿಲ್ಲ, ಇಷ್ಟು ಜನಕ್ಕೆ ಪಿಂಚಣಿ ನಿಂತಿದೆ ಅಂತ ಓದಿಸಲಿ. ಒಂದು ಪ್ರತಿ ಪಿಡಿಒ ಕೈಗೆ, ಒಂದು ಶಾಲೆಯ ಗೋಡೆಗೆ. ಮುಂದಿನ ವರ್ಷ ಯಾವ ಕಾಲೇಜು ಬಂದರೂ ಗೋಡೆ ನೋಡಿಕೊಂಡೇ ಕೆಲಸ ಶುರು ಮಾಡಲಿ. ಇದಕ್ಕೆ ಸುತ್ತೋಲೆ ಬೇಡ, ಅನುದಾನ ಬೇಡ. ಅತಿಥಿಗಳ ಹಾರ ಎರಡು ಕಮ್ಮಿ ಮಾಡಿದರೆ ಜೆರಾಕ್ಸ್ ಖರ್ಚು ಹುಟ್ಟುತ್ತೆ.